ಪ್ರ: ಡಿಎಲ್‌ಎಸ್ (ಚದುರಿದ ಬೆಳಕಿನ ಏರಿಳಿತದಿಂದ ಕಣದ ಗಾತ್ರ ಅಂದಾಜಿಸುವ ವಿಧಾನ) ಕೊಟ್ಟ ತ್ರಿಜ್ಯದಿಂದ ಅಣುವಿನ ಆಕಾರ ಹೇಳಬಹುದಾ?

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಫೈಬ್ರಿನೋಜೆನ್‌ಗೆ ಡಿಎಲ್‌ಎಸ್‌ನಲ್ಲಿ ಸುಮಾರು 10.7 ನ್ಯಾನೋಮೀಟರ್ ತ್ರಿಜ್ಯ ಬಂತು, ಇದು ಉಂಡೆಯೋ ಕಡ್ಡಿಯೋ ಅಂತ ಕೇಳಿದ್ದೀರಿ. ಆ ಸಂಖ್ಯೆಯೊಂದರಿಂದಲೇ ಹೇಳಲು ಆಗುವುದಿಲ್ಲ. ಯಂತ್ರ ಅಳೆಯುವುದು ಅಣು ಎಷ್ಟು ಬೇಗ ಅಲೆದಾಡುತ್ತದೆ ಅನ್ನುವುದನ್ನು. ಅಷ್ಟೇ ವೇಗದಲ್ಲಿ ಅಲೆಯುವ ಉಂಡೆಯ ತ್ರಿಜ್ಯವನ್ನು ನಿಮಗೆ ತೋರಿಸುತ್ತದೆ, ಅಷ್ಟೇ.

ಆದರೆ ನಿಮಗೆ ಅಣುತೂಕ ಗೊತ್ತಲ್ವಾ? 340 ಕಿಲೋಡಾಲ್ಟನ್. ಇಷ್ಟು ತೂಕದ ಪ್ರೋಟೀನನ್ನು ಒತ್ತಾಗಿ ಉಂಡೆ ಕಟ್ಟಿದರೆ ತ್ರಿಜ್ಯ ಸುಮಾರು 4.6 ನ್ಯಾನೋಮೀಟರ್ ಮಾತ್ರ. ನಿಮ್ಮದು ಅದರ 2.3 ಪಟ್ಟು. ಆಲ್ಬುಮಿನ್‌ನಂಥ ಗುಂಡು ಪ್ರೋಟೀನ್‌ಗಳಲ್ಲಿ, ಮೈಗಂಟಿದ ನೀರನ್ನೂ ಸೇರಿಸಿ, ಇದು 1.3ರ ಆಸುಪಾಸು. ಹಾಗಾಗಿ ನಿಮ್ಮ ಅಣು ಉದ್ದವಾಗಿದೆ ಅನ್ನುವುದಕ್ಕೆ ಒಳ್ಳೆಯ ಆಧಾರವಿದೆ. ನಿಜಕ್ಕೂ ಅದರ ಉದ್ದ ಸುಮಾರು 45 ನ್ಯಾನೋಮೀಟರ್.

ಇನ್ನೂ ಗಟ್ಟಿ ಉತ್ತರ ಬೇಕಾದರೆ ಬೇರೆ ಬೇರೆ ಕೋನಗಳಲ್ಲಿ ಚದುರಿದ ಬೆಳಕಿನ ತೀವ್ರತೆ ಅಳೆದು ಆರ್‌ಜಿ (ಅಣುವಿನ ದ್ರವ್ಯರಾಶಿ ಅದರ ಕೇಂದ್ರದಿಂದ ಸರಾಸರಿ ಎಷ್ಟು ದೂರ ಹರಡಿದೆ ಅನ್ನುವ ಅಳತೆ) ಪಡೆಯಿರಿ. ಅದನ್ನು ಡಿಎಲ್‌ಎಸ್ ತ್ರಿಜ್ಯದಿಂದ ಭಾಗಿಸಿ. ಗಟ್ಟಿ ಉಂಡೆಗೆ 0.775, ಸಡಿಲ ಪಾಲಿಮರ್ ಸುರುಳಿಗೆ 1.5ರ ಹತ್ತಿರ, ಉದ್ದ ಕಡ್ಡಿಗೆ 2 ಅಥವಾ ಜಾಸ್ತಿ. ಆರ್‌ಜಿ 10 ನ್ಯಾನೋಮೀಟರ್‌ಗಿಂತ ಕಮ್ಮಿಯಿದ್ದರೆ ಮಾತ್ರ ಕೋನದ ವ್ಯತ್ಯಾಸ ಕಾಣುವುದೇ ಇಲ್ಲ. ಅಲ್ಲಿ ಬೆಳಕಿನ ಬದಲು ಎಕ್ಸ್‌ರೇ ಚದುರಿಕೆ ಅಳೆಯಬೇಕು.

ಇದಕ್ಕೆಲ್ಲ ಮೊದಲು ದ್ರಾವಣವನ್ನು ಚೆನ್ನಾಗಿ ಸೋಸಿ. ಚಿಕ್ಕ ಕಣ ಚದುರಿಸುವ ಬೆಳಕು ತ್ರಿಜ್ಯದ ಆರನೇ ಘಾತದಂತೆ ಏರುತ್ತದೆ. ಒಂದಿಷ್ಟು ಅಣುಗಳು ಗುಂಪುಗಟ್ಟಿದ್ದರೂ ತ್ರಿಜ್ಯ ಸುಮ್ನೆ ದೊಡ್ಡದಾಗಿ ಕಾಣುತ್ತದೆ, ನೀವು ಅದನ್ನೇ ಕಡ್ಡಿ ಅಂದುಕೊಳ್ಳಬಹುದು.