ಮೂರು ವರ್ಷ ಶಿಕ್ಷೆ, ಸಂಜೆಗೆ ಮನೆ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ‘ಗೋವಿನಜೋಳಕ್ಕೆ ವಿಷ ಬೆರೆಸಿ ಹೊಲದಲ್ಲಿಟ್ಟು ನವಿಲು ಕೊಂದವನಿಗೆ ಮೂರು ವರ್ಷ ಶಿಕ್ಷೆಯಾಯಿತು. ಅದೇ ಸಂಜೆ ಅವನು ನಮ್ಮೂರ ಚಹಾದಂಗಡಿಯಲ್ಲಿ ಕುಳಿತಿದ್ದ. ಇದೆಂಥ ಕಾನೂನು? ಮೇಲ್ಮನವಿಯಲ್ಲಿ ಶಿಕ್ಷೆ ಇನ್ನೂ ಇಳಿಯುತ್ತದೆಯೇ?’

ಸಂಪಾದಕರ ಉತ್ತರ:

ಅವನನ್ನು ಚಹಾ ಕುಡಿಯಲು ಬಿಟ್ಟದ್ದೂ ಕಾನೂನೇ. ನವಿಲು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಜೀವಿಗಳ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು. ದಂಡ ಕನಿಷ್ಠ 10,000 ರೂಪಾಯಿ ಇದ್ದದ್ದು 2023ರ ಏಪ್ರಿಲ್ 1ರಿಂದ 25,000 ಆಗಿದೆ. ಆದರೆ ಜೆಎಂಎಫ್‌ಸಿ ಎಂಬ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ನ್ಯಾಯಾಧೀಶರಿಗೆ ಮೂರು ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸುವ ಅಧಿಕಾರವೇ ಇಲ್ಲ. ಕಾಯ್ದೆ ಹೇಳುವ ಕನಿಷ್ಠವೇ ಅವರ ಪಾಲಿಗೆ ಗರಿಷ್ಠ! ಇನ್ನೂ ಹೆಚ್ಚು ಬೇಕೆನಿಸಿದರೆ ಕಡತವನ್ನು ಸಿಜೆಎಂ, ಅಂದರೆ ಮುಖ್ಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಕಳಿಸಬೇಕು. ಇತ್ತ, ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷ ಮೀರದ ಶಿಕ್ಷೆಯಾದರೆ, ವಿಶೇಷ ಕಾರಣವಿಲ್ಲದ ಹೊರತು, ಮೇಲ್ಮನವಿ ಸಲ್ಲಿಸಲೆಂದು ಶಿಕ್ಷೆ ಕೊಟ್ಟ ನ್ಯಾಯಾಲಯವೇ ಅವನನ್ನು ಬಿಟ್ಟು ಕಳಿಸಬೇಕು.

ಇಳಿಯುತ್ತದೆಯೇ? ಬಿತ್ತಿದ ಕಾಳು ಕೆದಕುವ ನವಿಲಿನ ಮೇಲೆ ರೈತನಿಗಿರುವ ಸಿಟ್ಟು ಸುಳ್ಳಲ್ಲ. ಆದರೂ ಅಪರಾಧ ಸಾಬೀತಾಗಿದೆ ಎಂದು ಮೇಲ್ಮನವಿ ಕೇಳುವ ಸೆಷನ್ಸ್ ನ್ಯಾಯಾಲಯವೂ ಒಪ್ಪಿದರೆ, ಬಡವ, ಮೊದಲ ತಪ್ಪು ಎಂದೆಲ್ಲ ಹೇಳಿ ಆ ಮೂರು ವರ್ಷದಲ್ಲಿ ಒಂದು ದಿನವನ್ನೂ ಕಡಿಮೆ ಮಾಡುವಂತಿಲ್ಲ. ಅಪರಾಧಿ ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಏರಿಸುವಂತೆಯೂ ಇಲ್ಲ. ಏರಬೇಕಾದರೆ ಸರ್ಕಾರವೇ ಬೇರೆ ಮೇಲ್ಮನವಿ ಹಾಕಬೇಕು, ಅದೂ 30 ದಿನದೊಳಗೆ.

ಹಾಗಾಗಿ ಪಳಗಿದ ವಕೀಲರು ಶಿಕ್ಷೆಯ ಗೋಜಿಗೆ ಹೋಗದೆ ಮಹಜರಿಗೇ, ಅಂದರೆ ಸ್ಥಳದಲ್ಲಿ ಸಿಕ್ಕಿದ್ದನ್ನು ಸಾಕ್ಷಿಗಳೆದುರು ಬರೆದ ದಾಖಲೆಗೇ, ಕೈ ಹಾಕುತ್ತಾರೆ. ನಾನೊಮ್ಮೆ ಓದಿದ ಮಹಜರಿನಲ್ಲಿ ‘ಪಾತ್ರೆಯಲ್ಲಿ ಬೇಯಿಸಿದ ಮಾಂಸ, ಗೋಣಿಚೀಲದಲ್ಲಿ ಗರಿ’ ಎಂದಷ್ಟೇ ಇತ್ತು. ಮಾಂಸದ ತೂಕ ಎಷ್ಟು, ಮಾದರಿ ತೆಗೆದವರು ಯಾರು, ಮೊಹರು ಯಾರದ್ದು, ಒಂದೂ ಇಲ್ಲ. ಬೆಂದ ಮಾಂಸ ನವಿಲಿನದೋ ನಾಟಿ ಕೋಳಿಯದೋ ಎಂಬುದನ್ನು ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಡಿಎನ್‌ಎ ನೋಡಿ ಹೇಳಬಲ್ಲದು. ಮೊಹರಿಲ್ಲದ ಡಬ್ಬಿ ಕಳಿಸಿದರೆ ಅದು ಹೇಳಿದ್ದನ್ನು ನಂಬುವವರು ಯಾರು? ಇನ್ನು ತಾನಾಗಿ ಉದುರಿದ ಬಾಲದ ಗರಿ ಮನೆಯಲ್ಲಿರುವುದು ಅಪರಾಧವೇ ಅಲ್ಲ.

ನಿಮ್ಮೂರ ಪ್ರಕರಣದಲ್ಲಿ ‘ವಿಷ ಇಟ್ಟದ್ದು ಇಲಿಗೆ’ ಎಂಬ ವಾದ ಬಂದೇ ಬರುತ್ತದೆ. ವನ್ಯಪ್ರಾಣಿಗೆ ವಿಷವಿಕ್ಕುವುದೂ ಅದರ ಪ್ರಯತ್ನವೂ ಕಾಯ್ದೆಯ ಕಣ್ಣಿನಲ್ಲಿ ‘ಬೇಟೆ’ಯೇ. ಆ ಜೋಳ ಬಿಲದ ಬಾಯಲ್ಲಿತ್ತೋ, ಬದುವಿನುದ್ದಕ್ಕೂ ಚೆಲ್ಲಿತ್ತೋ? ಅರಣ್ಯ ಸಿಬ್ಬಂದಿ ಅಂದೇ ಬರೆದುಕೊಂಡಿದ್ದಾರೆಯೇ, ವಿಚಾರಿಸಿ ನೋಡಿ.