ನಾಯಿ ಬೇಕೆನ್ನುವ ಮಕ್ಕಳು, ಬೇಡವೆನ್ನುವ ಅಮ್ಮ

ಪ್ರಶ್ನೆ: ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಮತ್ತು ಏಳನೆಯ ತರಗತಿಯಲ್ಲಿರುವ ತಮ್ಮ ಇದ್ದಾರೆ. ಸ್ವಂತ ಮನೆ, ಹಿಂದೆ ಚಿಕ್ಕ ಹಿತ್ತಲೂ ಇದೆ. ಹೈಸ್ಕೂಲಿನಿಂದಲೂ ನನಗೆ ನಾಯಿ ಸಾಕುವ ಆಸೆ. ಅಪ್ಪನನ್ನು ಕೇಳಿದರೆ "ಅಮ್ಮನನ್ನು ಕೇಳು" ಎಂದು ಜಾರಿಕೊಳ್ಳುತ್ತಾರೆ. ಅಮ್ಮ ಮಾತು ಎತ್ತಗೊಡುವುದೇ ಇಲ್ಲ. ಕೂದಲು, ವಾಸನೆ, ದೇವರ ಮನೆ, ಊರಿಗೆ ಹೋದಾಗ ನೋಡಿಕೊಳ್ಳುವವರಾರು ಎಂದು, ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಕಾರಣ ತರುತ್ತಾರೆ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲೊಲ್ಲೆ ಎಂದದ್ದನ್ನು ನೆನಪಿಸಿದರೆ, "ಆ ನಾಯಿ ಸ್ವರ್ಗದ ಬಾಗಿಲಲ್ಲಿ ನಿಂತಿತ್ತು, ನನ್ನ ಅಡುಗೆಮನೆಯ ಬಾಗಿಲಲ್ಲಲ್ಲ" ಎಂದರು. ತಾವು ಚಿಕ್ಕವರಿದ್ದಾಗ ಅಣ್ಣನಿಗೆ ನಾಯಿ ಕಚ್ಚಿ, ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕಿಸಿದ ಹಳೆಯ ಕಥೆಯನ್ನೂ ಆಗಾಗ ಹೇಳುತ್ತಿರುತ್ತಾರೆ. ಮುಂದಿನ ತಿಂಗಳು ಅವರ ಹುಟ್ಟುಹಬ್ಬವಿದೆ. ಆ ದಿನ ಒಂದು ಹಸ್ಕಿ ಮರಿಯನ್ನು ತಂದು ಕೈಗಿಟ್ಟುಬಿಟ್ಟರೆ ಮನಸ್ಸು ಕರಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ತಮ್ಮ ಸಲಹೆ ಏನು?
– ಹೆಸರು ಬೇಡ, ದಾವಣಗೆರೆ

ಉತ್ತರ: ಹುಟ್ಟುಹಬ್ಬದ ಯೋಜನೆಯನ್ನು ಇಂದೇ ಕೈಬಿಡಿ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ, ಹೀಗೆ ಹೇಳದೆ ಕೇಳದೆ ಮನೆ ಹೊಕ್ಕ ಮರಿಗಳು ಎರಡು ಮೂರು ತಿಂಗಳಲ್ಲಿ ಹಗ್ಗ ಕಟ್ಟಿಸಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತದ್ದನ್ನು ನೋಡಿದ್ದೇನೆ. ಕಾಯಿಲೆಯಿಂದಲ್ಲ, "ಯಾರಾದರೂ ತೆಗೆದುಕೊಳ್ಳುವವರಿದ್ದರೆ ಹೇಳಿ ಸಾರ್" ಎಂಬ ಕೋರಿಕೆಯೊಂದಿಗೆ. ಕೈಯಲ್ಲಿಟ್ಟ ಮರಿಯನ್ನು ಕಂಡು ಕರಗಿದ ಮನಸ್ಸು, ಮೂರನೆಯ ದಿನ ಐದನೆಯ ಸಲ ನೆಲ ಒರೆಸುವ ಹೊತ್ತಿಗೆ ಮತ್ತೆ ಗಟ್ಟಿಯಾಗಿರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನೀವು "ಹಳೆಯ ಕಥೆ" ಎಂದು ಸರಿಸಿಬಿಟ್ಟ ಸಾಲು. ಆ ಹದಿನಾಲ್ಕು ಚುಚ್ಚುಮದ್ದು ಕಥೆಯಲ್ಲ. ಕುರಿಯ ಮೆದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದ ಹಿಂದಿನ ರೇಬೀಸ್ ಲಸಿಕೆಯನ್ನು ಹೊಕ್ಕುಳ ಸುತ್ತಲಿನ ಚರ್ಮದಡಿ ದಿನಕ್ಕೊಂದರಂತೆ ಹಾಕುತ್ತಿದ್ದರು. ಹೊಟ್ಟೆ ಊದಿಕೊಂಡು, ನೋವಿನಿಂದ ಮಕ್ಕಳು ಆಸ್ಪತ್ರೆಯ ಬಾಗಿಲಲ್ಲೇ ಕಿರುಚುತ್ತಿದ್ದರು. ಅಪರೂಪಕ್ಕಾದರೂ ಆ ಲಸಿಕೆಯಿಂದಲೇ ನರಗಳಿಗೆ ತೊಂದರೆಯಾಗುತ್ತಿದ್ದುದರಿಂದ 2004ರ ಕೊನೆಯ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಲಾಯಿತು. ಅಣ್ಣನನ್ನು ಎರಡು ವಾರ ದಿನವೂ ಆಸ್ಪತ್ರೆಗೆ ಎಳೆದುಕೊಂಡು ಹೋಗುವುದನ್ನು ಕಂಡ ಹುಡುಗಿಗೆ, ನಾಯಿ ಎಂದರೆ ಇಂದಿಗೂ ಅದೇ ಚಿತ್ರ. ಕೂದಲು ಮತ್ತು ವಾಸನೆಯ ಕಾರಣಗಳಿಗೆ ನೀವು ಎಷ್ಟೇ ಉತ್ತರ ಕೊಟ್ಟರೂ ಆ ಚಿತ್ರ ಅಳಿಸುವುದಿಲ್ಲ.

ಆದ್ದರಿಂದ ಒಂದು ಸಂಜೆ, ನಾಯಿಯ ವಿಷಯ ಎತ್ತದೆ, ಆ ದಿನಗಳಲ್ಲಿ ಏನಾಯಿತೆಂದು ಅಮ್ಮನನ್ನು ಕೇಳಿ ಮತ್ತು ಪೂರ್ತಿ ಹೇಳಲು ಬಿಡಿ. ಅವರ ಭಯ ಹುಚ್ಚು ಭಯವಲ್ಲವೆಂದು ಮೊದಲು ಒಪ್ಪಿಕೊಳ್ಳಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುವುದು ಇಂದಿಗೂ ಇಲ್ಲವೆನ್ನುವಷ್ಟು ಅಪರೂಪ. ಬದಲಾಗಿರುವುದು ತಡೆಯುವ ದಾರಿ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ವೈದ್ಯರು ಹೇಳಿದ ದಿನ ಅದರ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿದ ಮನೆಯ ನಾಯಿಯಿಂದ ಅಪಾಯ ತೀರಾ ಕಡಿಮೆ. ಮನುಷ್ಯರಿಗೆ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಮತ್ತು ಹರಿಯುವ ನೀರಿನಲ್ಲಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈಗ ಲಸಿಕೆಯನ್ನು ತೋಳಿಗೆ ನಾಲ್ಕೋ ಐದೋ ಸಲ ಹಾಕುತ್ತಾರೆ, ಹೊಟ್ಟೆಗಲ್ಲ. ಈ ಮಾತನ್ನು ನೀವು ಹೇಳುವುದಕ್ಕಿಂತ ಊರಿನ ಪಶುವೈದ್ಯರ ಬಾಯಿಂದ ಅಮ್ಮ ಕೇಳಿದರೆ ಹೆಚ್ಚು ತೂಕ ಬರುತ್ತದೆ. ಮರಿ ತರುವ ಮೊದಲೇ, ಬರಿಗೈಯಲ್ಲಿ, ಅವರನ್ನು ಒಮ್ಮೆ ಕರೆದುಕೊಂಡು ಹೋಗಿ. ನನ್ನ ಬಳಿಗೆ ಹಾಗೆ ಬಂದ ತಾಯಂದಿರು ಕಡಿಮೆ, ಆದರೆ ಬಂದವರು ಕೇಳಿದ ಪ್ರಶ್ನೆಗಳು ಮಕ್ಕಳು ಎಂದೂ ಯೋಚಿಸದಂಥವಾಗಿರುತ್ತಿದ್ದವು.

ಭಯದ ಜೊತೆಗೆ ಇರುವ ಇನ್ನೊಂದು ಕಾರಣ ನಿಮಗೂ ಗೊತ್ತಿದೆ, ಆದರೆ ಪತ್ರದಲ್ಲಿ ಬರೆದಿಲ್ಲ. ಐದು ಜನರ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು, ರಾತ್ರಿ ಕೊನೆಗೆ ಮಲಗುವವರು ಯಾರು? ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆದುಕೊಳ್ಳಲಾರದು. ಎದ್ದ ಕೂಡಲೇ, ತಿಂದ ಕೂಡಲೇ, ಆಟವಾಡಿದ ಕೂಡಲೇ ಹೊರಗೆ ಕರೆದೊಯ್ಯಬೇಕು, ನಡುರಾತ್ರಿಯಲ್ಲೂ ಒಮ್ಮೆ ಏಳಬೇಕು. ನಾಲ್ಕರಿಂದ ಆರು ತಿಂಗಳವರೆಗೆ ಹಲ್ಲು ಬದಲಾಗುವ ಕಾಲ. ಚಪ್ಪಲಿ, ಕುರ್ಚಿಯ ಕಾಲು, ಅಜ್ಜಿಯ ಊರುಗೋಲು ಯಾವುದೂ ಉಳಿಯದು. ನೀವು ಕಾಲೇಜಿನಲ್ಲಿ, ತಮ್ಮ ಶಾಲೆಯಲ್ಲಿ, ಅಪ್ಪ ಕೆಲಸದಲ್ಲಿ ಇರುವ ಹಗಲೆಲ್ಲ ಈ ಮರಿ ಯಾರ ಕಾಲಡಿ ಇರುತ್ತದೆ ಎಂಬುದು ಅಮ್ಮನಿಗೆ ಸ್ಪಷ್ಟವಾಗಿ ಕಾಣುತ್ತಿದೆ. ಕಾರಣಗಳನ್ನು ಬದಲಿಸುತ್ತಾರೆಂದು ದೂರುತ್ತೀರಿ. "ನಿಮ್ಮ ಮಾತನ್ನು ನಾನು ನಂಬುವುದಿಲ್ಲ" ಎಂದು ಮಕ್ಕಳ ಮುಖಕ್ಕೆ ಹೇಳಲಾರದ ತಾಯಿ ಇನ್ನೇನು ಮಾಡಿಯಾರು?

ನಂಬಿಕೆಯನ್ನು ಮಾತಿನಿಂದ ಸಂಪಾದಿಸಲಾಗದು. ನಾಳೆಯಿಂದ ಅರವತ್ತು ದಿನ, ಯಾರಿಗೂ ಸಾರದೆ, ನಾಯಿ ಇದೆಯೆಂದೇ ಬದುಕಿ. ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ನಡೆಯಿರಿ, ಹಿತ್ತಲು ಗುಡಿಸಿ, ಪಡಸಾಲೆಯ ನೆಲವನ್ನು ದಿನವೂ ನೀವೇ ಒರೆಸಿ, ಸಂಜೆ ಆರಕ್ಕೆ ಗೆಳೆಯರನ್ನು ಬಿಟ್ಟು ಮನೆಗೆ ಬನ್ನಿ, ಭಾನುವಾರವೂ ರಜೆ ತೆಗೆದುಕೊಳ್ಳಬೇಡಿ. ಇಪ್ಪತ್ತನೆಯ ದಿನಕ್ಕೆ ಬೇಸರ ಬಂದು ಬಿಟ್ಟರೆ, ನಾಯಿ ತರುವ ವಯಸ್ಸು ನಿಮಗಿನ್ನೂ ಬಂದಿಲ್ಲವೆಂದು ತಿಳಿಯಿರಿ, ಯಾರಿಗೂ ನಷ್ಟವಿಲ್ಲ. ಬಿಡದೆ ನಡೆಸಿದರೆ ಅಮ್ಮ ಒಂದು ಮಾತೂ ಆಡದೆ ಅದನ್ನು ಗಮನಿಸಿರುತ್ತಾರೆ.

ಅದೇ ಸಮಯದಲ್ಲಿ ಒಂದು ನೋಟ್‌ಬುಕ್ ಇಡಿ. ಆಹಾರ, ಲಸಿಕೆ, ಜಂತುಹುಳುವಿನ ಔಷಧ, ಉಣ್ಣಿಯ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ, ಊರಿಗೆ ಹೋದಾಗ ಬಿಡುವ ಜಾಗ, ಇವುಗಳ ದರವನ್ನು ಅಂತರ್ಜಾಲದಲ್ಲಿ ನೋಡದೆ ನಿಮ್ಮ ಊರಿನ ಅಂಗಡಿ ಮತ್ತು ಆಸ್ಪತ್ರೆಗಳಲ್ಲಿ ಕೇಳಿ ಬರೆದುಕೊಳ್ಳಿ. ಬಿ.ಕಾಂ. ಓದುವವರಿಗೆ ವರ್ಷದ ಮುಂಗಡಪತ್ರ ತಯಾರಿಸುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ನಿಮ್ಮ ಪಾಲು ಎಷ್ಟು, ಎಲ್ಲಿಂದ ಬರುತ್ತದೆ ಎಂಬ ಕಾಲಂ ಖಾಲಿ ಇರಬಾರದು. ಇನ್ನೊಂದು ಲೆಕ್ಕವನ್ನೂ ಬರೆಯಿರಿ: ನಾಯಿಯ ಆಯುಸ್ಸು ಹನ್ನೆರಡು ಹದಿನಾಲ್ಕು ವರ್ಷ. ನಿಮಗೆ ಈಗ ಹತ್ತೊಂಬತ್ತು ಎಂದುಕೊಂಡರೆ ಅದು ಮುದಿಯಾಗುವ ಹೊತ್ತಿಗೆ ನೀವು ಮೂವತ್ತು ದಾಟಿರುತ್ತೀರಿ. ನಡುವೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ನಾಯಿ ನಿಮ್ಮ ಜೊತೆ ಬರುತ್ತದೆಯೋ, ಅಮ್ಮನ ಬಳಿ ಉಳಿಯುತ್ತದೆಯೋ ಎಂಬುದನ್ನು ಇಂದೇ ಪ್ರಾಮಾಣಿಕವಾಗಿ ಹೇಳಬೇಕು. "ಅಮ್ಮನನ್ನು ಕೇಳು" ಎನ್ನುವ ಅಪ್ಪನ ಪಾಲಿಗೂ ಒಂದು ಕೆಲಸ ಬರೆಯಿಸಿ. ಅವರ ಒಪ್ಪಿಗೆ ಇಷ್ಟು ಅಗ್ಗವಾಗಬಾರದು.

ದೇವರ ಮನೆಯ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ. ನಾಯಿಗೂ ಕಲ್ಲು ನೆಟ್ಟ ನಾಡು ನಮ್ಮದು, ನಿಜ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ಹಾಕಿಸಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನದಲ್ಲಿ, ಕಾಡುಹಂದಿಯೊಡನೆ ಹೋರಾಡಿ ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಯ ಕಥೆ ಇದೆ. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಒಡೆಯ ಕೇಳಿದಾಗ, ಮಣಲೇರ ಎಂಬ ವೀರ ಬೇಡಿದ್ದು ಆ ಕಾಳಿಯನ್ನು. ಇದನ್ನು ಅಮ್ಮನಿಗೆ ಹೇಳಿದರೆ ಧರ್ಮರಾಯನಿಗೆ ಸಿಕ್ಕಂಥದೇ ಉತ್ತರ ಸಿಗುತ್ತದೆ, ಮತ್ತು ಆ ಉತ್ತರ ನನಗೆ ಬಹಳ ಹಿಡಿಸಿತು. ಅದರ ಬದಲು ಅಡುಗೆಮನೆ ಮತ್ತು ದೇವರ ಮನೆಗೆ ನಾಯಿ ಕಾಲಿಡದಂತೆ ಮೊಣಕಾಲೆತ್ತರದ ಗೇಟು ಹಾಕಿಸುವುದಾಗಿ ಹೇಳಿ. ಮೊದಲ ದಿನದಿಂದ ಗೆರೆ ಒಂದೇ ಇದ್ದರೆ ನಾಯಿ ಅದನ್ನು ಮನುಷ್ಯರಿಗಿಂತ ಬೇಗ ಕಲಿಯುತ್ತದೆ. ಕದ್ದು ಒಳಗೆ ಕರೆಯುವವರು ಮಕ್ಕಳೇ. ಹೆಣ್ಣು ನಾಯಿಯಾದರೆ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬಂದು ರಕ್ತಸ್ರಾವವಾಗುತ್ತದೆ, ಮಡಿ ಪಾಲಿಸುವ ಅಜ್ಜಿಗೆ ಅದು ಕಷ್ಟವಾದೀತು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಆ ತೊಡಕೂ, ಬೇಡದ ಮರಿಗಳ ತೊಡಕೂ ತಪ್ಪುತ್ತದೆ. ಯಾವ ವಯಸ್ಸಿಗೆ ಮಾಡಿಸಬೇಕೆಂಬುದನ್ನು ವೈದ್ಯರೇ ಹೇಳಲಿ.

ಇನ್ನು ಹಸ್ಕಿ. ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯಲು ಎರಡು ಪದರದ ಕೂದಲು ಹೊತ್ತು ಹುಟ್ಟಿದ ಪ್ರಾಣಿಯನ್ನು ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ತರುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯವೇ, ಎಷ್ಟು ಪ್ರೀತಿಯಿಂದ ತಂದರೂ. ಅಮ್ಮ ಮೊದಲು ಹೇಳಿದ ಆಕ್ಷೇಪ ಕೂದಲು. ರಾಶಿ ರಾಶಿಯಾಗಿ ಕೂದಲು ಉದುರಿಸುವ ತಳಿಯನ್ನೇ ನೀವು ಆರಿಸಿದ್ದೀರಿ. ಮುಧೋಳ ನಾಯಿ ನಮ್ಮದೇ ಹೆಮ್ಮೆ, ಕೂದಲೂ ಗಿಡ್ಡ. ಆದರೆ ಅದು ಓಡಲು ಹುಟ್ಟಿದ ಬೇಟೆನಾಯಿ, ಚಿಕ್ಕ ಹಿತ್ತಲಿನಲ್ಲಿ ಕಟ್ಟಿಹಾಕಿದರೆ ಕೊರಗುತ್ತದೆ. ನಿಮ್ಮ ಮನೆಗೆ ನಾನು ಹೇಳುವುದು ಒಂದೆರಡು ವರ್ಷ ತುಂಬಿದ, ಲಸಿಕೆ ಮತ್ತು ಶಸ್ತ್ರಚಿಕಿತ್ಸೆ ಮುಗಿದ, ಸ್ವಭಾವ ತಿಳಿದಿರುವ ಊರ ನಾಯಿ. ಮರಿಯ ಮುದ್ದು ಸಿಗುವುದಿಲ್ಲ, ಆದರೆ ಎಲ್ಲೆಂದರಲ್ಲಿ ಮೂತ್ರ ಮಾಡುವ, ಚಪ್ಪಲಿ ಕಡಿಯುವ ಕಾಲ ಕಳೆದಿರುತ್ತದೆ. ಅಂಥ ನಾಯಿಯನ್ನು ಅಮ್ಮ ಮೊದಲೇ ಎರಡು ಮೂರು ಸಲ ನೋಡಿ, ಅದು ಹಾರುತ್ತದೆಯೇ, ಬೊಗಳುತ್ತದೆಯೇ, ಸುಮ್ಮನೆ ಪಕ್ಕದಲ್ಲಿ ಕೂರುತ್ತದೆಯೇ ಎಂದು ತಿಳಿದು ನಿರ್ಧರಿಸಬಹುದು. ಹೆದರುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಇಷ್ಟೆಲ್ಲ ಆದ ಮೇಲೂ ಅವರು ಬೇಡವೆಂದರೆ, ಅದು ಬೇಡವೇ. ಮನೆಯಲ್ಲಿ ಒಬ್ಬರು ಮನಸ್ಸಿನಲ್ಲೇ ತಳ್ಳುತ್ತಿರುವ ನಾಯಿಗೆ ಅದು ತಿಳಿಯದೆ ಇರುವುದಿಲ್ಲ.

ಪ್ರಶ್ನೆ: ನಾನು ಎದುರು ಪಕ್ಷದವಳು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಾನು, ನನ್ನ ಗಂಡ ಇಬ್ಬರೂ ಉದ್ಯೋಗಿಗಳು. ಒಂಬತ್ತು ವರ್ಷದ ಮಗಳು ನಾಯಿ ಬೇಕೆಂದು ಒಂದು ವರ್ಷದಿಂದ ಹಟ ಹಿಡಿದಿದ್ದಾಳೆ. ಎಲ್ಲ ಕೆಲಸ ತಾನೇ ಮಾಡುವೆನೆಂದು ಬರೆದು ಸಹಿ ಹಾಕಿ ಫ್ರಿಜ್‌ಗೆ ಅಂಟಿಸಿದ್ದಾಳೆ. ಸಂಘದವರು ಬಿಡುವುದಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಹಾಗೆ ನಿಷೇಧಿಸುವಂತಿಲ್ಲ ಎಂದು ಅವಳು ಎಲ್ಲಿಂದಲೋ ತಿಳಿದು ಬಂದಿದ್ದಾಳೆ. ಬೇಡವೆನ್ನುವುದು ನನ್ನ ಕಲ್ಲುಮನಸ್ಸೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮಗಳು ಹೇಳಿದ್ದು ಸರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬಹುಮತದ ನಿರ್ಣಯದಿಂದಲೂ ಸಾಧ್ಯವಿಲ್ಲ. ಆದರೆ ಆ ಮಾರ್ಗಸೂಚಿ ಕಟ್ಟಿಹಾಕಿದ್ದು ಸಂಘವನ್ನು, ತಾಯಿಯನ್ನಲ್ಲ. ಬೇಡವೆನ್ನುವ ಹಕ್ಕು ನಿಮಗೆ ಪೂರ್ತಿಯಾಗಿದೆ. ಸುಳ್ಳು ಕಾರಣದ ಹಿಂದೆ ನಿಂತದ್ದಷ್ಟೇ ತಪ್ಪು. ಫ್ರಿಜ್ ಮೇಲಿನ ಸಹಿಗೆ ಒಂಬತ್ತು ವರ್ಷದವಳನ್ನು ಕಟ್ಟಿಹಾಕಲಾಗದು, ಅವಳು ಒಬ್ಬಳೇ ನಾಯಿಯನ್ನು ರಸ್ತೆಗೆ ಕರೆದೊಯ್ಯಲೂ ಆಗದು. ನಾಯಿ ಬಂದರೆ ಅದು ನಿಮ್ಮಿಬ್ಬರ ನಾಯಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಏಳರವರೆಗೆ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿರುವ ನಾಯಿ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ. ಅದರ ದುಃಖಕ್ಕೆ ಬೇರೆ ಭಾಷೆ ಇಲ್ಲ. ಇದನ್ನು ಮಗಳಿಗೆ ಇದ್ದದ್ದು ಇದ್ದಹಾಗೆ ಹೇಳಿ, ಯಾವ ಬದಲಾವಣೆಯಾದರೆ ಮತ್ತೆ ಯೋಚಿಸುವಿರಿ ಎಂಬುದನ್ನೂ ಹೇಳಿ. ಅಲ್ಲಿಯವರೆಗೆ ನಿಮ್ಮದೇ ಕಟ್ಟಡದಲ್ಲಿ ನಾಯಿ ಸಾಕಿದವರು ಊರಿಗೆ ಹೋದಾಗ ವಾರಾಂತ್ಯ ಅದನ್ನು ನಿಮ್ಮಲ್ಲಿ ಇರಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬೆಲ್ಟ್ ಹಿಡಿದು ಎಬ್ಬಿಸಲು ಬಂದದ್ದು ಮಗಳೋ, ನಾಯಿಯೋ ಎಂಬುದನ್ನು ನೋಡಿ ಮುಂದಿನದನ್ನು ತೀರ್ಮಾನಿಸಬಹುದು.

ಪ್ರಶ್ನೆ: ನಮ್ಮ ಬೀದಿಯಲ್ಲಿ ನಾಯಿ ಮರಿ ಹಾಕಿದೆ. ಅಮ್ಮ ಒಪ್ಪುವುದಿಲ್ಲ. ಒಂದನ್ನು ಸ್ಕೂಲ್ ಬ್ಯಾಗಿನಲ್ಲಿ ತಂದು ಅಟ್ಟದ ಮೇಲೆ ಗುಟ್ಟಾಗಿ ಸಾಕಬಹುದೇ?
– ಆರನೆಯ ತರಗತಿ, ಶಿರಸಿ

ಉತ್ತರ: ತಾಯಿಯಿಂದ ಬೇರೆಯಾದ ಮರಿ ಮೊದಲ ರಾತ್ರಿಯಿಡೀ ಅಳುತ್ತದೆ, ಆದ್ದರಿಂದ ನಿಮ್ಮ ಗುಟ್ಟು ಬೆಳಗಿನವರೆಗೂ ಉಳಿಯದು. ಎಂಟು ವಾರ ತುಂಬುವವರೆಗೆ ಮರಿಗಳು ತಾಯಿಯ ಬಳಿಯೇ ಇರಬೇಕು. ನೀವು ತಾಯಿನಾಯಿಗೆ ದಿನವೂ ಒಂದು ತಟ್ಟೆ ಅನ್ನ, ಒಂದು ಬೋಗುಣಿ ನೀರು ಇಡಿ, ಮರಿಗಳನ್ನು ಮುಟ್ಟಲು ಹೋಗಬೇಡಿ. ಮರಿ ಹಾಕಿದ ನಾಯಿ ಕಚ್ಚಬಹುದು. ಅನ್ನವನ್ನು ಮಾತ್ರ ಅಮ್ಮನನ್ನು ಕೇಳಿಯೇ ತೆಗೆದುಕೊಳ್ಳಿ.