ಹುಬ್ಬಳ್ಳಿಯ ಕ್ಯಾಥೊಲಿಕ್ ಪ್ರೈಮರಿ ಶಾಲೆಯಲ್ಲಿ ಮಕ್ಕಳ ವಾರ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಬೆಂಗಳೂರಿನಿಂದ ಹುಬ್ಬಳ್ಳಿಗೆ ವರ್ಗವಾಗಿದೆ, ಕೇಶ್ವಾಪುರದ ಕಡೆ ಮನೆ ಹಿಡಿದಿದ್ದೀರಿ, ಮಗಳು ಈ ಸಲ ಮೂರನೇ ಕ್ಲಾಸು. ಹತ್ತಿರದ ಕ್ಯಾಥೊಲಿಕ್ ಶಾಲೆಗೆ ಹಾಕಿದರೆ ವಾರವೆಲ್ಲಾ ಏನೇನು ಮಾಡಿಸುತ್ತಾರೆ, ಓದು ಬಿಟ್ಟು ಬೇರೆ ಏನಾದರೂ ಇರುತ್ತದಾ, ನೀವು ಕ್ರೈಸ್ತರಲ್ಲ ಅಂತ ಮಗುವಿಗೆ ಇರುಸುಮುರುಸು ಆಗುತ್ತದಾ ಅಂತ ಕೇಳಿದ್ದೀರಿ.

ನಾನು ಇದೇ ಊರಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಪ್ರೈಮರಿ ಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿದವಳು. ನಮ್ಮದು ಲಿಂಗಾಯತರ ಮನೆ. ಹಣೆಗೆ ವಿಭೂತಿ ಹಚ್ಚಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ, ಯಾರೂ ಏನೂ ಅನ್ನಲಿಲ್ಲ. ನನ್ನ ಮಗನೂ ಅಲ್ಲೇ ಓದಿದ. ಪ್ರಾರ್ಥನೆ, ದೇವರು ಅಂತ ನೀವು ಹೆದರುತ್ತಿರುವ ವಿಷಯ ಬಹಳ ಸಣ್ಣದು. ನಿಜವಾಗಿ ಗಮನ ಇಡಬೇಕಾದ್ದು ಮಗಳ ಕನ್ನಡದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಒಂದು ಮಾತು ಮೊದಲೇ ತಿಳಿದಿರಲಿ. ನಮ್ಮ ಕಡೆ ಕ್ರೈಸ್ತರು ನಡೆಸುವ ಶಾಲೆಗಳೆಲ್ಲ ಒಂದೇ ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ. ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರು ಪ್ರೊಟೆಸ್ಟೆಂಟರು, ಕ್ರೈಸ್ತರಲ್ಲೇ ಬೇರೆ ಪಂಗಡ. ಗಿರೀಶ ಕಾರ್ನಾಡರು ಓದಿದ್ದು ಧಾರವಾಡದ ಆ ಬಾಸೆಲ್ ಮಿಶನ್ ಹೈಸ್ಕೂಲಿನಲ್ಲಿ. ಕ್ಯಾಥೊಲಿಕ್ ಶಾಲೆಗಳು ಬೇರೆ. ಅವನ್ನು ಫಾದರ್‌ಗಳೋ ಸಿಸ್ಟರ್‌ಗಳೋ ನಡೆಸುತ್ತಾರೆ. ಧಾರವಾಡ, ಗದಗ, ಹಾವೇರಿ ಕಡೆಯ ಚರ್ಚುಗಳು ಬೆಳಗಾವಿ ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ ಸೇರುತ್ತವೆ. ಅದು ಶುರುವಾಗಿದ್ದು 1953ರಲ್ಲಿ. ನಿಮ್ಮ ಕೇಶ್ವಾಪುರದ ಫಾತಿಮಾ, ಧಾರವಾಡದ ಸೇಂಟ್ ಜೋಸೆಫ್ಸ್, ಪ್ರೆಸೆಂಟೇಶನ್ ಇವೆಲ್ಲ ಕ್ಯಾಥೊಲಿಕ್ ಶಾಲೆಗಳು. ಒಂದೊಂದು ಶಾಲೆಯ ಪದ್ಧತಿ ಒಂದೊಂದು ಥರ. ನಾನು ಹೇಳುವುದು ನಾನು ಕಂಡದ್ದು.

ಬೆಳಗಿನ ಪ್ರಾರ್ಥನೆ ಹದಿನೈದು ನಿಮಿಷದ ಕೆಲಸ. ಒಂದು ಪ್ರಾರ್ಥನೆ ಹಾಡು, ಒಂದು ಸಣ್ಣ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ಪೇಪರಿನ ನಾಲ್ಕು ಸುದ್ದಿ, ಕೊನೆಗೆ ರಾಷ್ಟ್ರಗೀತೆ. ವಾರಕ್ಕೊಂದು ಕ್ಲಾಸಿನ ಮಕ್ಕಳು ಇದನ್ನು ನಡೆಸಬೇಕು. ಮೈಕ್ ಮುಂದೆ ನಿಂತು ಸುದ್ದಿ ಓದುವ ಪಾಳಿ ಮೂರನೇ ಕ್ಲಾಸಿನವರಿಗೂ ಬರುತ್ತದೆ. ಆ ವಾರ ಮನೆಯಲ್ಲಿ ದೊಡ್ಡ ಗದ್ದಲ. ಸಂಜೆಯಿಂದಲೇ ತಾಲೀಮು. ನಾಲ್ಕು ಸಾಲು ಓದಲು ಅಪ್ಪ, ಅವ್ವ, ಅಜ್ಜಿ ಎಲ್ಲರೂ ಕೇಳುಗರಾಗಬೇಕು. ಕಾಲು ನಡುಗುತ್ತಿದ್ದ ಮಕ್ಕಳು ವರ್ಷದ ಕೊನೆಗೆ ಮೈಕ್ ಬಿಟ್ಟುಕೊಡುವುದಿಲ್ಲ ಅಂತ ಜಗಳ ತೆಗೆಯುತ್ತಾರೆ. ಇಂಥ ಶಾಲೆಗಳಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಇದೇ.

ಮಧ್ಯಾಹ್ನ 12ಕ್ಕೆ ಕೆಲವು ಶಾಲೆಗಳಲ್ಲಿ ಗಂಟೆ ಬಾರಿಸುತ್ತಾರೆ. ಅದು ಏಂಜಲಸ್, ಮರಿಯಮ್ಮನ ಪ್ರಾರ್ಥನೆ. ಇದ್ದವರು ಇದ್ದಲ್ಲೇ ಎದ್ದು ನಿಲ್ಲುತ್ತಾರೆ. ಒಂದೆರಡು ನಿಮಿಷ, ಮುಗೀತು. ನಮ್ಮ ಮಕ್ಕಳಿಗೆ ಅದು ಡಬ್ಬಿ ಬಿಚ್ಚಲು ಇನ್ನೆಷ್ಟು ಹೊತ್ತಿದೆ ಅಂತ ತಿಳಿಯುವ ಗಂಟೆ ಆಗಿತ್ತು, ಅಷ್ಟೇ.

ಧರ್ಮದ ಪಾಠ ಹೇಗೆ ನಡೆಯುತ್ತದೆ ಅಂದರೆ, ವಾರಕ್ಕೆ ಒಂದೆರಡು ಪೀರಿಯಡ್ ಇರುತ್ತದೆ. ಗಂಟೆ ಹೊಡೆದ ಕೂಡಲೇ ಕ್ಯಾಥೊಲಿಕ್ ಮಕ್ಕಳು ಎದ್ದು ಬೇರೆ ಕೋಣೆಗೆ ಹೋಗುತ್ತಾರೆ. ಅವರಿಗೆ ಅಲ್ಲಿ ಧರ್ಮೋಪದೇಶ. ಉಳಿದವರಿಗೆ ಕ್ಲಾಸಿನಲ್ಲೇ ನೀತಿ ಪಾಠ. ಸುಳ್ಳು ಹೇಳಬಾರದು, ಅನ್ನ ಚೆಲ್ಲಬಾರದು, ಹಿರಿಯರಿಗೆ ಗೌರವ ಕೊಡಬೇಕು ಇಂಥವು. ನಾನೂ ಆ ಪೀರಿಯಡ್ ತೆಗೆದುಕೊಂಡಿದ್ದೇನೆ. ಪುಸ್ತಕ ಬಿಟ್ಟು ವಚನ ಹೇಳಿಕೊಟ್ಟಿದ್ದೇನೆ. 'ಕಳಬೇಡ ಕೊಲಬೇಡ' ನೀತಿ ಪಾಠ ಅಲ್ಲದೆ ಮತ್ತೇನು? ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಇದನ್ನು ಅಸೆಂಬ್ಲಿಯಲ್ಲೂ ಹೇಳಿಸಿರಿ ಅಂದರು.

ನಿಮಗೆ ಇನ್ನೂ ಅನುಮಾನ ಇದ್ದರೆ ಕಾಯ್ದೆ ನಿಮ್ಮ ಪರವಾಗಿಯೇ ಇದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಹಾಗೇ 28(3)ನೇ ವಿಧಿ, ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಪಾಠಕ್ಕೋ ಪೂಜೆಗೋ ಕೂರಿಸುವಂತಿಲ್ಲ ಅನ್ನುತ್ತದೆ. ಅಡ್ಮಿಶನ್ ಹೊತ್ತಿಗೆ ನೇರವಾಗಿ ಕೇಳಿಬಿಡಿ. ಸಿಸ್ಟರ್‌ಗಳಿಗೆ ಇದು ದಿನಾ ಕೇಳುವ ಪ್ರಶ್ನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ವಿಷಯ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟು ಸಿಗಬಹುದು ಅಂತ ಯಾರಾದರೂ ಹೇಳಿದ್ದರೆ ಆ ಆಸೆ ಬಿಡಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತರ ಶಾಲೆಗಳಿಗೆ ಆ 25 ಪರ್ಸೆಂಟ್ ನಿಯಮ ಇಲ್ಲ.

ಈಗ ಚಟುವಟಿಕೆ. ಸೋಮವಾರದಿಂದ ಶುಕ್ರವಾರದವರೆಗೆ ಯಾವ ಶಾಲೆಯಾದರೂ ಹೆಚ್ಚು ಕಡಿಮೆ ಒಂದೇ. ಪಾಠ, ಡೈರಿ, ಹೋಂವರ್ಕ್, ಎಫ್‌ಎ, ಎಸ್‌ಎ ಅನ್ನುವ ಪರೀಕ್ಷೆಗಳು. ಡೈರಿಗೆ ಸಹಿ ಮಾಡುವುದು ಮರೆತರೆ ಬೈಸಿಕೊಳ್ಳುವುದು ಮಗು, ಪಾಪ. ಉಗುರು, ಕೂದಲು, ಶೂ ಪಾಲಿಶ್ ನೋಡುವುದರಲ್ಲಿ ಸಿಸ್ಟರ್‌ಗಳು ಬಲು ಬಿಗಿ. ಇದು ನಿಮಗೆ ಜಾಸ್ತಿ ಅನಿಸಬಹುದು. ನನಗೂ ಕೆಲವು ಸಲ ಅನಿಸಿದೆ. ಹಳದಿ ರಿಬ್ಬನ್ ಕಟ್ಟಿಕೊಂಡು ಬಂದ ಮಗುವನ್ನು ಹತ್ತು ನಿಮಿಷ ಹೊರಗೆ ನಿಲ್ಲಿಸಿ ಏನು ಸಾಧಿಸಿದ ಹಾಗಾಯಿತು?

ಮಜಾ ಇರುವುದು ಶನಿವಾರ. ಅವತ್ತು ಬೆಳಗಿನ ಸಾಲಿ. ಬಿಳಿ ಯೂನಿಫಾರ್ಮ್ ಇಲ್ಲವೇ ಹೌಸ್‌ನ ಬಣ್ಣದ ಟೀ ಶರ್ಟ್. ಮಕ್ಕಳನ್ನು ಕೆಂಪು, ನೀಲಿ, ಹಸಿರು, ಹಳದಿ ಅಂತ ನಾಲ್ಕು ಹೌಸ್ ಮಾಡಿರುತ್ತಾರೆ. ಡ್ರಿಲ್, ಖೋಖೋ, ಚಿತ್ರಕಲೆ, ಕಬ್ ಬುಲ್‌ಬುಲ್ (ಸಣ್ಣ ಮಕ್ಕಳ ಸ್ಕೌಟ್ಸ್ ಗೈಡ್ಸ್), ಕ್ವಿಜ್, ಎಲ್ಲಾ ಅವತ್ತೇ. ಗೆದ್ದರೆ ಪಾಯಿಂಟ್. "ಟೀಚರ್, ನಮ್ಮ ಹೌಸಿಗೆ ಎಷ್ಟ್ ಪಾಯಿಂಟ್ ಬಂದಾವ್ರೀ?" ಅಂತ ಸೋಮವಾರ ಬೋರ್ಡಿನ ಮುಂದೆ ಗುಂಪು. ಅಣ್ಣ ಕೆಂಪು, ತಂಗಿ ಹಸಿರು ಆಗಿದ್ದರೆ ಮನೆಯಲ್ಲಿ ಆ ವಾರ ಮಾತುಕತೆ ಬಂದ್. ತಿಂಗಳಿಗೊಮ್ಮೆ ಸಂಭ್ರಮ ಶನಿವಾರ ಬರುತ್ತದೆ, ಅವತ್ತು ಬ್ಯಾಗ್ ಒಯ್ಯುವ ಹಾಗಿಲ್ಲ. ಅಂದ ಹಾಗೆ 3ರಿಂದ 5ನೇ ಕ್ಲಾಸಿನ ಮಕ್ಕಳ ಬ್ಯಾಗ್ 2ರಿಂದ 3 ಕಿಲೋ ದಾಟಬಾರದು ಅಂತ ಸರ್ಕಾರದ ಆದೇಶವೇ ಇದೆ. ಮನೆಯಲ್ಲಿ ಒಮ್ಮೆ ತೂಗಿ ನೋಡಿ, ದಾಟಿದ್ದರೆ ಶಾಲೆಗೆ ಹೇಳಿ.

ಜೂನ್, ಜುಲೈ ಹೊತ್ತಿಗೆ ಶಾಲೆಯ ಎಲೆಕ್ಷನ್. ಪೆನ್ಸಿಲ್, ಸ್ಕೇಲ್, ಡಬ್ಬಿ ಅಂತ ಗುರುತು ಕೊಟ್ಟು, ಬೆರಳಿಗೆ ಸ್ಕೆಚ್ ಪೆನ್ನಿನ ಗೆರೆ ಎಳೆದು ವೋಟು ಹಾಕಿಸುತ್ತಾರೆ. ಆಮೇಲೆ ಮಳೆಗಾಲ ಮುಗಿಯುವ ಮೊದಲು ಪ್ರತಿಭಾ ಕಾರಂಜಿ. ಇದು ಶಿಕ್ಷಣ ಇಲಾಖೆ ನಡೆಸುವುದು. ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಮಣ್ಣಿನ ಮಾದರಿ, ಕಥೆ ಹೇಳುವುದು. ಸರ್ಕಾರಿ ಶಾಲೆಯ ಮಕ್ಕಳ ಜೊತೆ ಒಂದೇ ವೇದಿಕೆ. ಕನ್ನಡ ಕಂಠಪಾಠದಲ್ಲಿ ಆ ಮಕ್ಕಳು ನಮ್ಮವರನ್ನು ಅನಾಯಾಸವಾಗಿ ಸೋಲಿಸುತ್ತಿದ್ದರು. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಬರುವ ಮಾತಿಗೂ ಇದಕ್ಕೂ ನಂಟಿದೆ.

ಟ್ರಿಪ್ ಅಂದರೆ ಸಾಮಾನ್ಯವಾಗಿ ಶಿಗ್ಗಾವಿ ಹತ್ತಿರದ ಉತ್ಸವ ರಾಕ್ ಗಾರ್ಡನ್, ಇಲ್ಲ ಗದಗ ಕಡೆ ಬಿಂಕದಕಟ್ಟಿ ಝೂ, ಲಕ್ಕುಂಡಿ. ಆದರೆ ನನ್ನ ಕೇಳಿದರೆ ಬೆಂಗೇರಿಗೆ ಕರೆದುಕೊಂಡು ಹೋದದ್ದಕ್ಕಿಂತ ಒಳ್ಳೆಯ ಟ್ರಿಪ್ ಇಲ್ಲ. ನಿಮ್ಮ ಕೇಶ್ವಾಪುರದ ಪಕ್ಕದಲ್ಲೇ ಇದೆ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಖಾದಿ ಬಟ್ಟೆ ಬಾಗಲಕೋಟೆ ಕಡೆ ನೇಯ್ದು ಬರುತ್ತದೆ. ಇಲ್ಲಿ ಬಣ್ಣ ಹಾಕಿ, ಕತ್ತರಿಸಿ, ಚಕ್ರ ಅಚ್ಚು ಹಾಕಿ, ಹೊಲಿಯುತ್ತಾರೆ. ಒಂಬತ್ತು ಅಳತೆಯ ಧ್ವಜಗಳು. ಎಲ್ಲಕ್ಕೂ ದೊಡ್ಡದು 21 ಅಡಿಗೆ 14 ಅಡಿ, ಎಲ್ಲಕ್ಕೂ ಸಣ್ಣದು 6 ಇಂಚಿಗೆ 4 ಇಂಚು. ಹೊಲಿಯುತ್ತಿದ್ದ ಅಕ್ಕೋರೊಬ್ಬರು ಮಕ್ಕಳನ್ನು ಹತ್ತಿರ ಕರೆದು ಚಕ್ರದ ಗೆರೆ ಎಣಿಸಲು ಹೇಳಿದರು. ಒಬ್ಬನಿಗೆ 23 ಬಂತು. ಮತ್ತೆ ಎಣಿಸಿದ. 24 ಆಗುವವರೆಗೂ ಅವನು ಅಲ್ಲಿಂದ ಕದಲಲಿಲ್ಲ, ಬಸ್ ಕಾಯಬೇಕಾಯಿತು.

ಡಿಸೆಂಬರ್ ಬಂದರೆ ಗೋದಲಿ ಕಟ್ಟುವ ಕೆಲಸ. ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ. ದನದ ಕೊಟ್ಟಿಗೆ ಅಂದಮೇಲೆ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ರೂಢಿ ಇರುವ ಕೈಗಳು. ಎತ್ತು ಬಹಳ ಚೆಂದ ಬಂತು, ಕೋಡು, ಬೆನ್ನ ಮೇಲೆ ಡುಬ್ಬದಂಥ ಹಿಣಿಲು, ಕೊರಳಲ್ಲಿ ಗೆಜ್ಜೆ ಸಮೇತ. ತೊಂದರೆ ಆಗಿದ್ದು ಕತ್ತೆಗೆ. ಎಷ್ಟು ಸಲ ಮಾಡಿದರೂ ಅದಕ್ಕೂ ಹಿಣಿಲು ಬರುತ್ತಿತ್ತು. ಕೊನೆಗೆ ಸಿಸ್ಟರ್ ನಕ್ಕು, ಇರಲಿ ಬಿಡಿ, ಈ ವರ್ಷ ಎರಡು ಎತ್ತು ಇರಲಿ ಅಂದುಬಿಟ್ಟರು. ಗೋದಲಿಯ ಮುಂದೆ ಹಸಿರು ಕಾಣಬೇಕು ಅಂತ ವಾರ ಮೊದಲೇ ತೆಂಗಿನ ಚಿಪ್ಪಿನಲ್ಲಿ ಗೋಧಿ ಬಿತ್ತಿಸುತ್ತಾರೆ. "ನಮ್ಮನ್ಯಾಗ ದಸರಾಕ್ಕ ಘಟಕ್ಕ ಹಾಕ್ತಾರಲ್ರೀ, ಹಂಗ ಅಲ್ರೀ?" ಅಂತ ಒಂದು ಹುಡುಗಿ ಕೇಳಿದಳು. ಹೌದವ್ವಾ, ಹಂಗ ಅಂದೆ. ಮರುದಿನ ಅವಳೇ ಎಲ್ಲರ ಚಿಪ್ಪಿಗೂ ನೀರು ಹಾಕುವ ಮುಖಂಡತಿ. ಅದೇ ಹುಡುಗಿ ಪಂಚಮಿಗೆ ಸಿಸ್ಟರ್‌ಗಳಿಗೆ ಅಂತ ಡಬ್ಬಿ ತುಂಬಾ ಶೇಂಗಾ ಉಂಡಿ ತಂದಿದ್ದಳು.

ಕ್ರಿಸ್‌ಮಸ್ ರಜೆ ಒಂದು ವಾರವಾದರೂ ಸಿಗುತ್ತದೆ, ಆದರೆ ಅದಕ್ಕೆ ಬದಲಿಯಾಗಿ ಇಂಥ ಎಷ್ಟೋ ಶಾಲೆಗಳು ಇಲಾಖೆಯ ಒಪ್ಪಿಗೆ ಪಡೆದು ದಸರಾ ರಜೆ ಕಡಿಮೆ ಮಾಡುತ್ತವೆ. ದಸರಾಕ್ಕೆ ಊರಿಗೆ ಹೋಗಲು ಟಿಕೆಟ್ ಮಾಡಿಸುವ ಮೊದಲು ಶಾಲೆಯ ಕ್ಯಾಲೆಂಡರ್ ನೋಡಿ. ಬೇರೆ ಶಾಲೆಯ ಮಕ್ಕಳು ಓಣಿಯಲ್ಲಿ ಆಡುತ್ತಿರುವಾಗ ನಿಮ್ಮ ಮಗಳು ಬ್ಯಾಗ್ ಹಾಕಿಕೊಂಡು ಹೊರಡಬೇಕಾಗುತ್ತದೆ. ಆ ದಿನಗಳಲ್ಲಿ ಅಳು ಗ್ಯಾರಂಟಿ.

ಇನ್ನು ಕನ್ನಡದ ಮಾತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದಮೇಲೆ ಯಾವ ಶಾಲೆಯಾದರೂ ಕನ್ನಡವನ್ನು ಮೊದಲ ಇಲ್ಲವೇ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಪಾಠ ಇರುತ್ತದೆ, ಪರೀಕ್ಷೆಯೂ ಇರುತ್ತದೆ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಕಾಂಪೌಂಡಿನ ಒಳಗೆ ಇಂಗ್ಲಿಷ್ ಬಿಟ್ಟು ಮಾತಾಡಬಾರದು ಅನ್ನುವ ನಿಯಮದ ಬಗ್ಗೆ. ನಾನಿದ್ದ ಶಾಲೆಯಲ್ಲಿ ಕನ್ನಡ ಮಾತಾಡಿದವರ ಹೆಸರು ಬರೆಯಲು ಒಂದು ಮಗುವನ್ನೇ ಲೀಡರ್ ಮಾಡಿದ್ದರು. ಸಂಜೆಗೆ ಆ ಪಟ್ಟಿ ಟೀಚರ್ ಕೈಗೆ. ಮಕ್ಕಳು ಇಂಗ್ಲಿಷ್ ಕಲಿಯಲಿಲ್ಲ, ಬಾಯಿ ಮುಚ್ಚಿಕೊಂಡು ಇರುವುದನ್ನು ಕಲಿತರು. ಖೋಖೋ ಆಡುವಾಗ ಮಾತ್ರ ಆ ನಿಯಮ ಗಾಳಿಗೆ ಹೋಗುತ್ತಿತ್ತು. "ಏ ಓಡಲೇ, ಹಿಡೀ ಅಕಿನ್ನ" ಅನ್ನುವುದನ್ನು ಆ ಹೊತ್ತಿನಲ್ಲಿ ಯಾರು ಇಂಗ್ಲಿಷಿನಲ್ಲಿ ಅನ್ನುತ್ತಾರೆ? ನಾನು ಸ್ಟಾಫ್ ಮೀಟಿಂಗಿನಲ್ಲಿ ಜಗಳ ಆಡಿ ಆಡಿ, ಕೊನೆಗೆ ಪಟ್ಟಿ ಬರೆಯುವುದು ನಿಂತಿತು. ನಿಯಮ ಮಾತ್ರ ಬೋರ್ಡಿನ ಮೇಲೆ ಹಾಗೇ ಇತ್ತು. ಇದು ಕ್ಯಾಥೊಲಿಕ್ ಶಾಲೆಗಳದ್ದೇ ರೋಗ ಅಲ್ಲ, ಇಂಗ್ಲಿಷ್ ಮೀಡಿಯಂ ಅಂತ ಬೋರ್ಡ್ ಹಾಕಿದ ಬಹಳ ಕಡೆ ಉಂಟು. ಕನ್ನಡ ಮಾತಾಡಿದರೆ ಏನು ಮಾಡುತ್ತೀರಿ ಅಂತ ನೀವು ಪ್ರಿನ್ಸಿಪಾಲರನ್ನು ಕೇಳಲೇಬೇಕು. ಕೆಲವರು ನಕ್ಕು ಏನೂ ಮಾಡುವುದಿಲ್ಲ ಅನ್ನುತ್ತಾರೆ. ಫೈನ್ ಅಂದರೆ ಇನ್ನೊಂದು ಶಾಲೆ ನೋಡಿ.

ಒಂದೇ ಕಾಂಪೌಂಡಿನಲ್ಲಿ ಕನ್ನಡ ಮೀಡಿಯಂ ಅನುದಾನಿತ ಶಾಲೆಯೂ ಇದೆಯಾ ಅಂತ ವಿಚಾರಿಸಿ. ಕೆಲವು ಕಡೆ ಇರುತ್ತದೆ, ಹೊಸದಾಗಿ ಬಂದವರಿಗೆ ಗೊತ್ತೇ ಇರುವುದಿಲ್ಲ. ಅವೇ ಸಿಸ್ಟರ್‌ಗಳು, ಅದೇ ಮೈದಾನ, ಫೀ ಕಡಿಮೆ, ಬಿಸಿಯೂಟವೂ ಸಿಗುತ್ತದೆ. ನಾನಾಗಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ.

ಶಾಲೆ ನೋಡಲು ಶನಿವಾರ ಬೆಳಿಗ್ಗೆ ಹೋಗಿ, ಮಗಳನ್ನೂ ಕರೆದುಕೊಂಡು. ಬೆಂಗಳೂರಿನ ಶಾಲೆಯಿಂದ ಟಿಸಿ ತರುವಾಗ ಸ್ಯಾಟ್ಸ್ ನಂಬರ್ (ಇಲಾಖೆ ಪ್ರತಿ ಮಗುವಿಗೂ ಕೊಡುವ ಗುರುತಿನ ನಂಬರ್) ಸರಿಯಾಗಿದೆಯಾ ನೋಡಿಕೊಳ್ಳಿ, ಹೆಸರಿನ ಸ್ಪೆಲಿಂಗ್ ಆಧಾರ್ ಕಾರ್ಡಿಗೆ ತಾಳೆ ಆಗಬೇಕು. ಅಲ್ಲಿ ತಪ್ಪಾದರೆ ಇಲ್ಲಿ ತಿದ್ದಿಸಲು ಆ ಶಾಲೆಯವರನ್ನೇ ಹತ್ತು ಸಲ ಫೋನಿನಲ್ಲಿ ಕಾಡಬೇಕಾಗುತ್ತದೆ.